ಅಳಿಯಂದಿರ ಕಾರ್ಖಾನೆ

ಹುಲುಗಣ್ಣನ ಕೈಗೆ ಬಂದ ತುತ್ತನ್ನು ಬಾಯಿಗೆ ಬಾರದಂತೆ ಮಾಡಿದ್ದು ಮೂರಕ್ಷರದ ಒಂದು ಮಾತು. ಅದನ್ನು ಆಡಿದವರಿಗೆ ಅವನನ್ನು ಕೆಡಿಸುವ ಉದ್ದೇಶ ಆಗ ಕಿಂಚಿತ್ತೂ ಇರಲಿಲ್ಲ.

ಹದಿನೈದು ದಿನಗಳ ಹಿಂದೆ, ಕೊಟ್ಟೂರಿನ ಶೇಂಗಾ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ಹುಲುಗಣ್ಣ ಕೂಡ್ಲಿಗಿ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದಾಗ, ಒಂದು ಜೀಪು ಬಾನೆಟ್ ಎತ್ತಿಕೊಂಡು ಹಲ್ಲುನೋವಿನವರಂತೆ ಬಾಯಿ ತೆರೆದು ನಿಂತಿತ್ತು. ಫ್ಯಾನ್ ಬೆಲ್ಟ್ ಹರಿದಿತ್ತು. ಹುಲುಗಣ್ಣ ತನ್ನ ಸೈಕಲ್ಲಿನ ಟ್ಯೂಬನ್ನೇ ಸೀಳಿ ಕಟ್ಟಿ ಜೀಪನ್ನು ಓಡುವಂತೆ ಮಾಡಿದ. ಒಳಗಿದ್ದವರು ಭೈರವಗಿರಿ ಉಕ್ಕಿನ ಕಾರ್ಖಾನೆಯ ಜನರಲ್ ಮ್ಯಾನೇಜರ್ ಹಾಲಸ್ವಾಮಿಯವರು, ಹೊಸಹಳ್ಳಿ ಕಡೆಯವರು. ಸಂತೋಷದಿಂದ ಅವನ ಬೆನ್ನು ತಟ್ಟಿ, "ಭೇಷ್ ಅಳಿಯಾ! ಇಪ್ಪತ್ತನೇ ತಾರೀಕು ಫಿಟ್ಟರ್ ಇಂಟರ್‌ವ್ಯೂ ಐತಿ, ಬಾ" ಎಂದರು. ಜೀಪು ಹೋಯಿತು. ಟ್ಯೂಬಿಲ್ಲದ ಸೈಕಲ್ಲನ್ನು ತಳ್ಳುತ್ತ ಹುಲುಗಣ್ಣ ಎಂಟು ಮೈಲಿ ನಡೆದ.

ನಮ್ಮ ಕಡೆ ಅಳಿಯ ಎಂಬುದು ಸಂಬಂಧವಲ್ಲ, ಕೆಮ್ಮು. ಗಂಟಲಿಗೆ ಬಂದಾಗ ಬರುತ್ತದೆ. ಬಸ್ಸಿನಲ್ಲಿ ಸರಿದು ಕೂರಬೇಕಾದವನೂ ಅಳಿಯ, ಬೀಡಿಗೆ ಬೆಂಕಿ ಕೊಡಬೇಕಾದವನೂ ಅಳಿಯ. ಇದು ಹುಲುಗಣ್ಣನಿಗೆ ಗೊತ್ತಿತ್ತು. ಗೊತ್ತಿದ್ದರೂ, ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಪಕ್ಕೀರಪ್ಪನ ಮುಂದೆ ಆ ಮಾತನ್ನು ಹೇಳಿಬಿಟ್ಟಿದ್ದ. ಸಂಜೆಯೊಳಗೆ ಓಣಿಗೆಲ್ಲ ಅವನು ಸಾಹೇಬರ ಅಳಿಯನಾಗಿದ್ದ.

ನಿಜವಾಗಿ ಅವನು ಹೊಳಲಿನ ರಾಮಣ್ಣನ ಅಳಿಯ. ಆ ಮಾವ ಎಂಟು ತಿಂಗಳ ಹಿಂದೆ ಮಗಳು ಕೋಮಲಾಳನ್ನು ತವರಿಗೆ ಕರೆದೊಯ್ದು, "ಮಿಲ್ಲಿನಾಗ ಸುಗ್ಗಿ ಮುಗಿದ್ರ ನಿನಗ ಕೆಲ್ಸಿಲ್ಲ. ಕಾಯಂ ನೌಕ್ರಿ ಹಿಡಿ, ಆಮ್ಯಾಲ ಬಂದು ಕರಕೊಂಡು ಹೋಗು" ಎಂದಿದ್ದ. ಕಾರ್ಖಾನೆಯಲ್ಲಿ ಸೇರಲು ವಯಸ್ಸಿನ ಮಿತಿ ಮೂವತ್ತು. ಮುಂದಿನ ತಿಂಗಳ ಎಂಟಕ್ಕೆ ಹುಲುಗಣ್ಣನಿಗೆ ಮೂವತ್ತು ತುಂಬುತ್ತಿತ್ತು. ಎರಡು ಸಲ ಆಗಲೇ ಹೋಗಿ ಬಂದಿದ್ದ. ಎರಡನೆಯ ಸಲವಂತೂ ಕೆಲಸದ ಪರೀಕ್ಷೆಯಲ್ಲಿ ಮೊದಲಿಗನಾಗಿದ್ದರೂ, ಆಯ್ಕೆಯಾದ ಹನ್ನೊಂದು ಮಂದಿಯೂ ಒಬ್ಬರಲ್ಲ ಒಬ್ಬರು ಅಧಿಕಾರಿಗಳ ಮಗ, ಮೈದುನ, ಅಳಿಯ. ಆಗ ಅವನು ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಬಸ್ಸು ಹತ್ತಿ ಹಂಪಸಾಗರಕ್ಕೆ ಹೋಗಿ, ಅರ್ಧ ಗಂಟೆಯಷ್ಟೇ ಇದ್ದು ಹಿಂದಿರುಗಿದ್ದ. ಅಲ್ಲಿ ಅವನಿಗೆ ನೆಂಟರಿರಲಿಲ್ಲ. ಏಕೆ ಹೋಗಿದ್ದನೆಂದು ಯಾರೂ ಕೇಳಲಿಲ್ಲ.

ಇಪ್ಪತ್ತರ ಬೆಳಿಗ್ಗೆ ಅವನು ಅರ್ಜಿ ನಮೂನೆಯನ್ನು ಪಕ್ಕೀರಪ್ಪನ ಕಟ್ಟೆಯ ಮೇಲೆ ಕುಳಿತು ತುಂಬಿದ. ಅವನ ಅಕ್ಷರ ಮುತ್ತಿನಂತಿತ್ತು. ಜಿಲ್ಲೆಯ ಹೆಸರು ಬರೆದಲ್ಲಿ, ಬಳ್ಳಾರಿಯ 'ಳ' ಮಾತ್ರ ನಾಯಿಬಾಲದ ಹಾಗೆ ಮೇಲಕ್ಕೆ ಸುರುಳಿ ಸುತ್ತುತ್ತಿತ್ತು. ಅವನು ಅಂಗಿ ಹಾಕಿಕೊಳ್ಳಲು ಒಳಗೆ ಹೋಗಿ ಬರುವಷ್ಟರಲ್ಲಿ ಪಕ್ಕೀರಪ್ಪ ಕಾಗದವನ್ನು ಮಡಿಸಿ ಕವರಿನಲ್ಲಿಟ್ಟಿದ್ದ.

"ಎಲ್ಲಾ ಬರೋಬ್ಬರಿ ಐತಿ, ಅಳಿಯಾ. ಒಂದು ಜಾಗ ಖಾಲಿ ಬಿಟ್ಟಿದ್ದೆಲ್ಲ, ನಾನ ತುಂಬೀನಿ."

ಯಾವ ಜಾಗ ಎಂದು ಕೇಳುವಷ್ಟರಲ್ಲಿ ಎದುರುಮನೆಯ ಗಾದೆಮ್ಮ ಒಂದು ಡಬ್ಬಿ ಹಿಡಿದು ಬಂದಳು. ಹೆಸರಿಗೆ ತಕ್ಕಂತೆ ಅವಳು ಬಾಯಿ ತೆರೆದರೆ ಗಾದೆ.

"ಬರಿಗೈಲೆ ಹೋದ ಅಳಿಯಗ ಬಾಗಿಲ್ದಾಗ ಕುಂದ್ರಾಕ ಮಣಿ ಅಂತಾರ. ಶೇಂಗಾ ಹೋಳಿಗಿ ಮಾಡೀನಿ, ಮಾವಗ ಕೊಡು."

"ಗಾದೆಮ್ಮತ್ತಿ, ಅವ್ರು ನನ್ನ ಮಾವ ಅಲ್ಲಬೇ! ಸುಮ್ನ ಬಾಯಿಮಾತಿಗೆ ಅಂದ್ರು."

"ಬಾಯಿಮಾತಿನ ಮ್ಯಾಲ ಲಗ್ನ ಆಗ್ತಾವ, ನೌಕ್ರಿ ಆಗಂಗಿಲ್ಲೇನು? ಹಿಡಿ."

ಬಸ್‌ಸ್ಟ್ಯಾಂಡಿನಲ್ಲಿ ಪಕ್ಕೀರಪ್ಪ ತನ್ನ ಹಳೆಯ ಸೇವೆಯ ಗತ್ತಿನಲ್ಲಿ ಬಾಗಿಲಿಗೆ ನಿಂತು, "ಸರೀರಿ, ಕಾರ್ಖಾನಿ ಸಾಹೇಬ್ರ ಅಳಿಯ ಬಂದಾರ" ಎಂದು ಕೂಗಿದ. ಪರಿಣಾಮ ಕೂಡಲೇ ಆಯಿತು. ಕಿಟಕಿ ಪಕ್ಕದ ಸೀಟು ಖಾಲಿಯಾಯಿತು. ಮೊದಲ ಮೈಲಿಯಲ್ಲಿ ಒಬ್ಬ ಮುದುಕ ಮೊಮ್ಮಗನ ಮಾರ್ಕ್ಸ್ ಕಾರ್ಡು ಕೊಟ್ಟ. ಎರಡನೆಯ ಮೈಲಿಯಲ್ಲಿ ಎರ್ರಮ್ಮನೆಂಬ ಹೆಣ್ಣುಮಗಳು, "ನನ್ನ ತಮ್ಮ ಓದಿಲ್ರಿ, ಆದ್ರ ಭಾರಿ ಜೋರ್ ಅದಾನ, ವಾಚ್‌ಮನ್ ಮಾಡಿಸ್ರಿ" ಎಂದು ಚೀಟಿ ತುರುಕಿದಳು. ಕೂಡ್ಲಿಗಿ ದಾಟುವ ಹೊತ್ತಿಗೆ ಹೋಳಿಗೆ ಡಬ್ಬಿಯ ಮೇಲೆ ಏಳು ಅರ್ಜಿಗಳು ಕುಳಿತಿದ್ದವು. ಬೇಡವೆಂದಷ್ಟೂ ಜನ, "ದೊಡ್ಡೋರ ಮಂದಿ ಹಿಂಗ ಅಂತಾರ" ಎಂದು ಮೆಚ್ಚಿದರು.

ಆಗ ಅವನು ಕವರು ತೆರೆದು ನೋಡಿದ. ಹದಿನೇಳನೆಯ ಕಾಲಂ: 'ಕಾರ್ಖಾನೆಯಲ್ಲಿ ನಿಮ್ಮ ಸಂಬಂಧಿಕರಿದ್ದಾರೆಯೇ?' ಅದರ ಎದುರು, ಟಿಕೆಟ್ಟು ಹರಿದೇ ಮೂವತ್ತು ವರ್ಷ ಕಳೆದ ಕೈಯ ದಪ್ಪ ಅಕ್ಷರ: 'ಹೌದು. ಜಿ.ಎಂ. ಹಾಲಸ್ವಾಮಿಯವರು. ಸ್ವಂತ ಮಾವ.'

ಹೊಡೆದುಹಾಕಲು ಪೆನ್ನು ತೆಗೆದ. ನಮೂನೆಯ ಕೆಳಗೆ ಅಚ್ಚಾಗಿತ್ತು: 'ಚಿತ್ತು ಮಾಡಿದ ಅರ್ಜಿಯನ್ನು ತಿರಸ್ಕರಿಸಲಾಗುವುದು.' ಪೆನ್ನನ್ನು ಜೇಬಿಗೆ ಹಾಕಿಕೊಂಡ.

ಕಾರ್ಖಾನೆಯಲ್ಲಿ ಮೊದಲು ಕೆಲಸದ ಪರೀಕ್ಷೆ. ಕಬ್ಬಿಣದ ಎರಡು ತುಂಡುಗಳನ್ನು ಅರದಿಂದ ಉಜ್ಜಿ ಒಂದಕ್ಕೊಂದು ಕೂಡಿಸಬೇಕು. ಹುಲುಗಣ್ಣ ಕೂಡಿಸಿದ್ದನ್ನು ಫೋರ್‌ಮನ್ ಬೆಳಕಿಗೆ ಹಿಡಿದು ನೋಡಿದ. ನಡುವೆ ಬೆಳಕಿನ ಎಳೆಯೂ ನುಸುಳಲಿಲ್ಲ. ಐವತ್ತಕ್ಕೆ ನಲವತ್ತೆಂಟು. ಪಕ್ಕದಲ್ಲಿದ್ದ ಮೂವರು ಕೂಡಿಸಿದ ತುಂಡುಗಳ ನಡುವೆ ಇಲಿ ಓಡಾಡಬಹುದಿತ್ತು. ಆದರೂ ಅವರು ನಿಶ್ಚಿಂತರಾಗಿ ಕಡಲೆ ತಿನ್ನುತ್ತ, "ಹಾಲಸ್ವಾಮಿ ಮಾಮಾ ಊಟಕ್ಕ ಮನಿಗೆ ಬರಾಕ ಹೇಳ್ಯಾನ" ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಮೂವರ ಅರ್ಜಿಯಲ್ಲೂ ಹದಿನೇಳನೆಯ ಕಾಲಮ್ಮಿನಲ್ಲಿ 'ಇಲ್ಲ' ಎಂದಿತ್ತು.

ಸಂದರ್ಶನದ ಕೋಣೆಯಲ್ಲಿ ಹಾಲಸ್ವಾಮಿಯವರ ಪಕ್ಕದಲ್ಲಿ ಬೆಂಗಳೂರಿನ ಕಚೇರಿಯಿಂದ ಬಂದ ತನಿಖಾಧಿಕಾರಿ ಪುಷ್ಪಲತಾ ಕುಳಿತಿದ್ದರು. ಸಾಹೇಬರ ಮುಖ, ಆವತ್ತಿನ ಜೀಪಿನ ಹಾಗೆ, ಕಾದು ಹೋಗಿತ್ತು.

"ನಲವತ್ತೆಂಟು ಅಂಕ. ತುಂಬಾ ಚೆನ್ನಾಗಿದೆ" ಎಂದರು ಪುಷ್ಪಲತಾ. ಅನಂತರ ಕನ್ನಡಕ ಸರಿಪಡಿಸಿಕೊಂಡರು. "ಇದೇನಿದು? ಸ್ವಂತ ಮಾವ?"

"ಅದು ನಾ ಬರ್ದಿದ್ದಲ್ರಿ ಮೇಡಂ, ನಮ್ಮ ಪಕ್ಕೀರಪ್ಪ..."

"ಆ ಡಬ್ಬಿಯಲ್ಲಿ ಏನಿದೆ?"

"ಹೋಳಿಗಿ ರೀ."

"ಯಾರಿಗೆ?"

ಹುಲುಗಣ್ಣ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. "ಸಾಹೇಬ್ರಿಗೆ ಅಂತ..." ಎಂದ. ಡಬ್ಬಿಯ ಮೇಲಿನ ಏಳು ಅರ್ಜಿಗಳು ಅದೇ ಸಮಯಕ್ಕೆ ಜಾರಿ ಮೇಜಿನ ಮೇಲೆ ಹರಡಿಕೊಂಡವು.

ಪುಷ್ಪಲತಾ ಹಾಲಸ್ವಾಮಿಯವರ ಕಡೆ ತಿರುಗಿದರು. ಊರಿನವರಾಗಿದ್ದರೆ ಇಬ್ಬರ ಹೆಸರು ಕೇಳಿದ ಕೂಡಲೇ ಇವರಿಬ್ಬರ ಜಾತಿಯವರು ಯಾವತ್ತೂ ಒಂದೇ ಪಂಕ್ತಿಯಲ್ಲಿ ಉಂಡವರಲ್ಲವೆಂದು ತಿಳಿಯುತ್ತಿತ್ತು. ಆಕೆ ಹೊರಗಿನವರು. ಹಾಲಸ್ವಾಮಿಯವರು ಹುಲುಗಣ್ಣನನ್ನು ನೋಡಿದರು. ಆ ಕಣ್ಣಿನಲ್ಲಿ ಗುರುತು ಇತ್ತು. ಟ್ಯೂಬಿನ ನೆನಪೂ ಇತ್ತು. ಆದರೆ ಹೊರಗೆ ಕಡಲೆ ತಿನ್ನುತ್ತಿದ್ದ ಮೂವರ ನೆನಪೂ ಅಷ್ಟೇ ಇತ್ತು. ಅವರು ನಿಟ್ಟುಸಿರಿಟ್ಟು ತಲೆ ತಗ್ಗಿಸಿದರು.

"ಮುಚ್ಚಿಡೋದಿಲ್ಲ ಮೇಡಂ. ಅಳಿಯ ಹೌದು. ಆದರೆ ನ್ಯಾಯದ ಮುಂದೆ ಸಂಬಂಧ ದೊಡ್ಡದಲ್ಲ. ನನ್ನ ಕೈಯಾರೆ ಇವನ ಹೆಸರು ಹೊಡೀತೀನಿ."

"ನಾ ಇವ್ರ ಅಳಿಯ ಅಲ್ರಿ!" ಎಂದು ಹುಲುಗಣ್ಣ ಕೂಗಿದ. "ನಾ ಹೊಳಲಿನ ರಾಮಣ್ಣನ ಅಳಿಯ!"

"ಪಾಪ, ಮಾವನನ್ನು ಉಳಿಸೋದಕ್ಕೆ ಒದ್ದಾಡ್ತಿದ್ದಾನೆ" ಎಂದರು ಪುಷ್ಪಲತಾ, ಮರುಕದಿಂದ. "ಸರ್, ನಿಮ್ಮಂಥವರು ಅಪರೂಪ. ನಾನು ಬಂದದ್ದೇ ಒಂದು ಮೂಗರ್ಜಿ ನೋಡಿ. ಹೆಸರಿಲ್ಲ, ಸಹಿಯಿಲ್ಲ. ಆದರೆ ಒಂದೊಂದು ಮಾತೂ ಎದೆಯಿಂದ ಬಂದದ್ದು. ಅದನ್ನು ಬರೆದ ಪುಣ್ಯಾತ್ಮ ಈಗ ಎದುರಿಗೆ ಬಂದರೆ, ನಿಂತ ಕಾಲಲ್ಲೇ ನೌಕರಿ ಕೊಡ್ತಿದ್ದೆ."

ಅವರು ಕಾಗದವನ್ನು ಅರ್ಜಿಯ ಪಕ್ಕದಲ್ಲೇ ಬಿಡಿಸಿಟ್ಟರು. ಕವರಿನ ಮೇಲೆ ಹಂಪಸಾಗರದ ಅಂಚೆ ಠಸ್ಸೆ. ಒಳಗೆ ಮೊದಲ ಸಾಲು: 'ಇದು ಉಕ್ಕಿನ ಕಾರ್ಖಾನೆಯಲ್ಲ, ಅಳಿಯಂದಿರ ಕಾರ್ಖಾನೆ.' ಅಳಿಯಂದಿರ 'ಳ' ನಾಯಿಬಾಲದ ಹಾಗೆ ಸುರುಳಿ ಸುತ್ತಿತ್ತು. ಅದರಿಂದ ಒಂದು ಗೇಣು ದೂರದಲ್ಲಿ, ಅರ್ಜಿಯ ಮೇಲೆ, ಬಳ್ಳಾರಿಯ 'ಳ'ವೂ ಹಾಗೇ ಸುತ್ತಿತ್ತು. ಪುಷ್ಪಲತಾ ಅವರ ಕಣ್ಣು ಹದಿನೇಳನೆಯ ಕಾಲಂ ಬಿಟ್ಟು ಮೇಲೇಳಲಿಲ್ಲ.

"ಮೇಡಂ, ಅದನ್ನ..." ಎಂದು ಹುಲುಗಣ್ಣ ಬಾಯಿ ತೆರೆದ.

"ಆ ಮೂಗರ್ಜಿ ಬರೆದವನನ್ನ ನಾನೂ ಹುಡುಕ್ತಿದೀನಿ" ಎಂದರು ಹಾಲಸ್ವಾಮಿಯವರು, ಬಹಳ ಮೃದುವಾಗಿ.

ಬರೆದವನು ನಾನೇ ಎಂದರೆ ಸಾಹೇಬರ ಅಳಿಯನ ಮಾತನ್ನು ಮೇಡಂ ನಂಬುವುದಿಲ್ಲ. ಸಾಹೇಬರು ಮಾತ್ರ ನಂಬುತ್ತಾರೆ. ಹುಲುಗಣ್ಣ ತೆರೆದ ಬಾಯಿ ಮುಚ್ಚಿ, ಹರಡಿದ್ದ ಏಳು ಅರ್ಜಿಗಳನ್ನು ಬಾಚಿ ಡಬ್ಬಿಯ ಮೇಲಿಟ್ಟುಕೊಂಡ. ಅರ್ಜಿಯಷ್ಟೇ ಅಲ್ಲ, ಈಗ ಅರ್ಜಿದಾರನೂ ಮೂಗನಾಗಿದ್ದ. ಅವನು ಹೊರಬರುವಾಗ ಆ ಮೂವರು ಸಂಬಂಧವಿಲ್ಲದ ಸಜ್ಜನರನ್ನು ಒಳಗೆ ಕರೆಯುತ್ತಿದ್ದರು.

ಸಂಜೆ ಓಣಿಗೆ ಬಂದಾಗ ಅವನ ಮನೆಯ ಹೊಸ್ತಿಲಲ್ಲಿ ತಗಡಿನ ಟ್ರಂಕೊಂದಿತ್ತು. ಅಳಿಯನಿಗೆ ಸಾಹೇಬರು ನೌಕರಿ ಕೊಡುತ್ತಾರೆಂಬ ಸುದ್ದಿ ಹೊಳಲಿನವರೆಗೂ ಹೋಗಿ, ಮಾವ ರಾಮಣ್ಣ ತಾನಾಗಿಯೇ ಮಗಳನ್ನು ಕರೆತಂದಿದ್ದ. ಕೋಮಲಾ ಎಂಟು ತಿಂಗಳ ಮೇಲೆ ಆ ಮನೆಯ ಒಲೆ ಹಚ್ಚಿದ್ದಳು. ಅವನನ್ನು ಕಂಡು ಹೊರಬಂದವಳು ಮುಖ ನೋಡಿದ ಕೂಡಲೇ ಅಲ್ಲೇ ನಿಂತಳು.

ಹುಲುಗಣ್ಣ ನಡೆದದ್ದನ್ನು ಹೇಳಿದ; ಮೂಗರ್ಜಿಯೊಂದನ್ನು ಬಿಟ್ಟು. ಯಾರೂ ನಗಲಿಲ್ಲ. ರಾಮಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ನಮ್ಮೂರ ಕಡೆ ಹೋಗೂ ಹಡಗಲಿ ಬಸ್ಸು ಇನ್ನೊಂದು ಐತಿ. ಏಳು ಕೋಮಲಾ."

ಪಕ್ಕೀರಪ್ಪನಿಗೆ ಮಾತ್ರ ರಕ್ತ ಕುದಿಯಿತು. "ಬಿಡಬಾರ್ದಲೇ ಇದನ್ನ! ಅಳಿಯಾ, ಒಂದು ಮೂಗರ್ಜಿ ಜಡಿ. ನಿನ್ನ ಅಕ್ಷರ ಮುತ್ತು ಇದ್ದಂಗ ಅದಾವು. ಇಲ್ಲಿಂದ ಹಾಕಬ್ಯಾಡ, ಠಸ್ಸಿ ನೋಡಿ ಹಿಡೀತಾರ. ಕೋಮಲಾ ಹೆಂಗೂ ಹೊರಟಾಳ, ಹೊಳಲಿನಾಗ ಹಾಕ್ಲಿ."

ಕಾಗದ ಬಂತು, ಪೆನ್ನು ಬಂತು. ಗಾದೆಮ್ಮ ತಿರುಗಿ ಬಂದ ಹೋಳಿಗೆ ಡಬ್ಬಿಯನ್ನು ಅದರ ಅಡಿಗೆ ಆನಿಸಿ ಕೊಟ್ಟಳು. ಹುಲುಗಣ್ಣ ಬೇಡವೆನ್ನಲಿಲ್ಲ. ಬರೆದ. ಎರಡನೆಯ ಸಲವಾದ್ದರಿಂದ ಮಾತು ಹುಡುಕಬೇಕಾಗಲಿಲ್ಲ.

ಕೋಮಲಾ ಕಾಗದವನ್ನು ಮಡಿಸಿ ಟ್ರಂಕಿನಲ್ಲಿಡದೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಒಲೆಯ ಮೇಲಿಟ್ಟಿದ್ದ ಅನ್ನ ಇಳಿಸಿ ಬಂದು, ಅಪ್ಪ ಟ್ರಂಕು ಎತ್ತಿ ಓಣಿಯ ತಿರುವಿಗೆ ಹೋಗುವವರೆಗೂ ಕಾದು, ಮೆಲ್ಲಗೆ ಕೇಳಿದಳು:

"ಎಂಟು ತಿಂಗಳಾತು, ನನಗೊಂದು ಕಾಗದ ಹಾಕ್ಲಿಲ್ಲ ನೀವು. ಇದನ್ನಾರ, ಟಪಾಲು ಡಬ್ಬಿಗೆ ಹಾಕೂ ಮುಂಚೆ, ಒಂದ್ಸಲ ಓದ್ಲೇನು?"

ಹುಲುಗಣ್ಣ ಮೂಗನಂತೆ, ಓದು ಎಂದು ತಲೆಯಾಡಿಸಿದ.