ಭಾವನವರ ರಾಜನನ್ನು ಕಾಪಾಡಿದ ಬ್ರೌಸರ್ ಮಹಾಶಯರಿಗೆ

ಮಾನ್ಯರೇ,

ಸಾಷ್ಟಾಂಗ ವಂದನೆಗಳು. ತಾವು ಕ್ಷೇಮವೇ ಎಂದು ನಾನು ಕೇಳಬೇಕಾದ್ದಿಲ್ಲ. ನನ್ನ ಅಂಗಡಿಯ ಕಂಪ್ಯೂಟರಿನ ಫ್ಯಾನು ಬೆಳಿಗ್ಗೆಯಿಂದ ಏದುಸಿರು ಬಿಡುತ್ತಿರುವುದನ್ನು ಕೇಳಿದವರಿಗೆಲ್ಲ ತಮ್ಮ ಜೀರ್ಣಶಕ್ತಿ ಚೆನ್ನಾಗಿದೆ ಎಂದು ತಾನಾಗಿಯೇ ತಿಳಿಯುತ್ತದೆ. ನಾನು ಚಿತ್ರಗಳಿಗೆ ಕಟ್ಟು ಹಾಕಿಕೊಡುವವನು. ಗಾಜು ಕತ್ತರಿಸುವಾಗಲೂ ದೇವರನ್ನು ನೆನೆಯದ ನಾನು ತಮ್ಮನ್ನು ತೆರೆಯುವಾಗ ಮಾತ್ರ ಕೈ ಮುಗಿಯುತ್ತೇನೆ. ಇದನ್ನು ತಾವು ಭಕ್ತಿ ಎಂದೇ ತಿಳಿಯಬೇಕಾಗಿ ಪ್ರಾರ್ಥನೆ.

ವಿಷಯ ಇಷ್ಟೇ. ನನ್ನ ಅಕ್ಕನ ಗಂಡ, ಅಂದರೆ ಭಾವನವರು, ಮದುವೆಯಾದಾಗಿನಿಂದ ನನ್ನನ್ನು ಚದುರಂಗದಲ್ಲಿ ಸೋಲಿಸುತ್ತ ಬಂದಿದ್ದಾರೆ, ಸೋಲಿಸಿದಾಗಲೆಲ್ಲ ‘ಪುಟ್ಟಾ’ ಎಂದು ಕರೆಯುತ್ತಾರೆ. ನನ್ನ ತಲೆ ಬೋಳಾಗಿದೆ, ಮೀಸೆ ಬೆಳ್ಳಗಾಗಿದೆ, ಮಗಳು ಓಟು ಹಾಕಿ ಬಂದಿದ್ದಾಳೆ. ಆದರೂ ಗಿರಾಕಿಗಳು ತುಂಬಿದ ಅಂಗಡಿಯಲ್ಲಿ ಫೋನು ಎತ್ತಿದರೆ ‘ಏನೋ ಪುಟ್ಟಾ, ಭಾನುವಾರ ಸೋಲೋಕೆ ಬರ್ತೀಯಾ?’ ಎಂಬ ಮಾತು ಬಾಗಿಲಾಚೆಯವರಿಗೂ ಕೇಳಿಸುತ್ತದೆ. ನನ್ನ ಅವಸ್ಥೆ ನೋಡಲಾರದೆ ಅಕ್ಕ ಒಂದು ಪಂದ್ಯ ಕಟ್ಟಿದ್ದಾಳೆ. ನಾನು ಒಂದೇ ಒಂದು ಸಲ ಗೆದ್ದರೆ ಸಾಕು, ಅಂದಿನಿಂದ ಭಾವನವರು ನನ್ನನ್ನು ‘ಯಜಮಾನರೇ’ ಎಂದೇ ಕರೆಯಬೇಕು.

ಆ ಗೆಲುವು ನನ್ನ ಕೈಯಲ್ಲೇ ಇತ್ತು, ಮಹಾಶಯರೇ. ಹೋದ ತಿಂಗಳು ಅವರು ಅವರ ಮನೆಯ ಕಂಪ್ಯೂಟರಿನಲ್ಲಿ, ನಾನು ನನ್ನದರಲ್ಲಿ ಆಡುತ್ತಿದ್ದಾಗ ಅವರ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ನಾನು ಆನೆಯನ್ನು ಒಂದು ಸಲ ನಡೆಸಿದರೆ ಆಟ ಮುಗಿಯುತ್ತಿತ್ತು. ಎಳೆದೆ, ಆನೆ ಕದಲಲಿಲ್ಲ. ಆಗ ತಾವು ಪರಮ ವಿನಯದಿಂದ ‘ಈ ಪುಟ ಸ್ಪಂದಿಸುತ್ತಿಲ್ಲ, ಕಾಯುವಿರಾ?’ ಎಂದು ಕೇಳಿದಿರಿ. ನಾನು ಕಾದೆ, ಆಟದ ಗಡಿಯಾರ ಕಾಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬ್ರೌಸರ್ ಕೈಕೊಟ್ಟಿತು ಎಂದು ನಾನು ಅಲವತ್ತುಕೊಂಡರೆ ಭಾವನವರು ‘ಕುಣಿಯೋಕೆ ಬಾರದವನು ನೆಲ ಡೊಂಕು ಅಂದನಂತೆ. ಟೈಮ್ ಮುಗಿದರೆ ಸೋಲು ಸೋಲೇ ಕಣೋ ಪುಟ್ಟಾ’ ಎಂದರು. ಅಕ್ಕನೂ ಅದೇ ನ್ಯಾಯ ಎಂದಳು. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಕಂಪ್ಯೂಟರಿನ ಮೆಮೊರಿಯನ್ನು ಯಾರು ತಿಂದರೆಂದು ಪಟ್ಟಿ ತೆಗೆದು ನೋಡಿದರೆ, ಒಬ್ಬರನ್ನೇ ಊಟಕ್ಕೆ ಕರೆದಿದ್ದ ನನ್ನ ಮನೆಗೆ ತಾವು ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಬಂದಿದ್ದಿರಿ; ಸಾಲುಸಾಲಾಗಿ ಎಲ್ಲರೂ ತಮ್ಮ ಹೆಸರಿನವರೇ. ನಮ್ಮದೂ ತಪ್ಪಿಲ್ಲವೆಂದಲ್ಲ. ಅಂಗಡಿಗೂ ಮನೆಯವರಿಗೂ ಇರುವುದು ಇದೊಂದೇ ಕಂಪ್ಯೂಟರು. ತೆರೆದವರೇ ಮುಚ್ಚಬೇಕೆಂಬುದು ನಮ್ಮ ಮನೆಯ ಮರ್ಯಾದೆಯಾದ್ದರಿಂದ ಹೆಂಡತಿ ನೋಡುತ್ತಿದ್ದ ಪರದೆ ಬಟ್ಟೆ, ಅಮ್ಮನ ಮಂಡಿನೋವಿನ ವ್ಯಾಯಾಮ, ಮಗಳು ಎಂದೋ ಓದಿ ಮುಗಿಸಿದ ಪಾಠ, ಎಲ್ಲವೂ ಇನ್ನೂ ತೆರೆದೇ ಇವೆ. ಆದರೂ ನನ್ನ ನಾಲ್ಕು ಜಿಬಿ ತಮಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಾಯಿತೆಂಬುದು ನನಗೆ ನಾಚಿಕೆಯ ಸಂಗತಿ. ತಮ್ಮನ್ನು ಮುಚ್ಚಿದ ಮೇಲೂ ತಾವು ಹಿಂಬದಿಯಲ್ಲಿ ಮೇಯುತ್ತಲೇ ಇರುತ್ತೀರೆಂದು ತಿಳಿದಾಗಲಂತೂ, ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬ ಮಾತು ತಮ್ಮನ್ನು ನೋಡಿಯೇ ಹುಟ್ಟಿತೇನೋ ಅನ್ನಿಸಿತು.

ತಮ್ಮ ಅವತಾರವನ್ನೇ ಬದಲಿಸೋಣವೆಂದು ಹೊರಟರೆ ತಮ್ಮಲ್ಲಿ ಮೂವತ್ತೆರಡು ಬಿಟ್ಟಿನ ಆವೃತ್ತಿ, ಅರವತ್ನಾಲ್ಕು ಬಿಟ್ಟಿನ ಆವೃತ್ತಿ ಎಂದು ಎರಡುಂಟು, ನನ್ನಲ್ಲಿರುವುದು ಮೂವತ್ತೆರಡರದು ಎಂದು ತಿಳಿಯಿತು. ಚದುರಂಗದವನಿಗೆ ಇದಕ್ಕಿಂತ ಸಂಕಟ ಉಂಟೇ? ಕಾಯಿಗಳು ಮೂವತ್ತೆರಡು, ಮನೆಗಳು ಅರವತ್ನಾಲ್ಕು. ಮನೆಯೇ ಇಲ್ಲದಿದ್ದರೆ ಕಾಯಿ ಎಲ್ಲಿ ನಿಂತೀತು ಎಂದು ತರ್ಕಿಸಿ ಅರವತ್ನಾಲ್ಕನ್ನು ಹಾಕಿಕೊಂಡೆ. ಅದು ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಹಳಬರು ಉಣ್ಣುತ್ತಿದ್ದುದನ್ನು ಹೊಸಬರು ಬರೀ ತಿಂಡಿಗೆ ಮುಗಿಸಿದರು. ಇನ್ನೂ ಪ್ರಯೋಗದಲ್ಲಿರುವ ಆವೃತ್ತಿಯನ್ನು ತಂದರೆ ಅದು ಆಟದ ನಡುವೆ ‘ನಾನೀಗ ಹೊಸಬನಾಗಿದ್ದೇನೆ’ ಎಂದು ತನ್ನಷ್ಟಕ್ಕೆ ಮುಚ್ಚಿಕೊಂಡು ಮತ್ತೆ ತೆರೆದುಕೊಂಡಿತು. ಕೊನೆಗೆ ತೆಪ್ಪಗೆ ಮೂವತ್ತೆರಡಕ್ಕೇ ಮರಳಿದೆ. ಅಷ್ಟರಲ್ಲಿ ಭಾವನವರು ಫೋನು ಮಾಡಿ, ನನ್ನದಕ್ಕಿಂತಲೂ ಮುದಿಯಾದ ಅವರ ಮನೆಯ ಕಂಪ್ಯೂಟರಿಗೆ ಅರವತ್ನಾಲ್ಕನ್ನು ಹಾಕಿಸಿದ್ದಾಗಿ ತಿಳಿಸಿದರು. ‘ಮನೆ ಎಷ್ಟೋ ಬಿಟ್ಟೂ ಅಷ್ಟೇ ಇರಬೇಕು, ನಿನಗೆಲ್ಲಿ ಗೊತ್ತಾಗಬೇಕು ಪುಟ್ಟಾ’ ಎಂದರು. ಹಿರಿಯರು ಮಾತಾಡುವಾಗ ಅಡ್ಡಬಾಯಿ ಹಾಕಬಾರದೆಂದು ನನ್ನ ಅರವತ್ನಾಲ್ಕರ ಪಾಡನ್ನು ಅವರಿಗೆ ಹೇಳಲಿಲ್ಲ.

ಆದ್ದರಿಂದ ತಮ್ಮಲ್ಲಿ ಬಿನ್ನಹವೇನೆಂದರೆ, ಭಾನುವಾರ ಮಧ್ಯಾಹ್ನ ಮಾತ್ರ ತಾವು ಉಪವಾಸವಿರಬೇಕು. ಅದಾಗದಿದ್ದರೆ ಸದ್ದಿಲ್ಲದೆ ಅಗಿಯಬೇಕು. ಅದೂ ಆಗದಿದ್ದರೆ, ಹೋದ ತಿಂಗಳು ನನ್ನ ಆನೆ ಹೊರಟೇ ಇತ್ತೆಂದು, ತಡೆದವರು ತಾವೇ ಎಂದು ಅಕ್ಕನ ಮುಂದೆ ಬಂದು ಸಾಕ್ಷಿ ಹೇಳಬೇಕು. ಬರುವಾಗ ಬಂಧುಬಳಗ ಬೇಡ, ಅಕ್ಕನ ಮನೆ ಚಿಕ್ಕದು.

ಇಂತು ತಮ್ಮ ವಿಶ್ವಾಸಿ,
ಪುಟ್ಟ (ಸದ್ಯಕ್ಕೆ)

ತಾ. ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಈ ಭಾನುವಾರದ ಆಟ ಮುಗಿಯಿತು. ನನ್ನ ಬಳಿ ಒಬ್ಬ ರಾಜ, ಒಂದು ಕಾಲಾಳು ಮಾತ್ರ ಉಳಿದಿದ್ದವು. ಭಾವನವರ ಮಂತ್ರಿ ಮೀಸೆ ತಿರುವುತ್ತ ಬರುತ್ತಿದ್ದ. ಬರುತ್ತಲೇ ಇದ್ದ. ಅವರ ಗಡಿಯಾರ ಖಾಲಿಯಾಗುವವರೆಗೂ ಬರುತ್ತಲೇ ಇದ್ದ. ‘ಬ್ರೌಸರ್ ನಿಂತುಹೋಯ್ತು ಕಣೋ’ ಎಂದು ಅವರು ಫೋನಿನಲ್ಲಿ ಗೋಳಾಡಿದಾಗ ನಾನು ನೆಲ ಡೊಂಕಿನ ಗಾದೆಯನ್ನು ಅತ್ಯಂತ ಗೌರವದಿಂದ ನೆನಪಿಸಿದೆ. ‘ಅದು ಹಾಗಲ್ಲ ಪು...’ ಎಂದು ಅವರು ಶುರುಮಾಡುವಷ್ಟರಲ್ಲಿ ಹಿಂದಿನಿಂದ ಅಕ್ಕನ ‘ಏನಂದ್ರಿ?’ ಕೇಳಿಸಿತು. ಭಾವನವರು ‘ಅದು ಹಾಗಲ್ಲ ಯಜಮಾನರೇ’ ಎಂದು ತಿದ್ದಿಕೊಂಡರು. ಆದಕಾರಣ ಮೇಲಿನ ದೂರನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ತಾವು ದಯಮಾಡಿ ಏನನ್ನೂ ಸರಿಪಡಿಸಬಾರದು. ಹೊಸ ಆವೃತ್ತಿಗಳೇನಾದರೂ ಬಂದರೆ ಮೊದಲು ಭಾವನವರ ಮನೆಗೇ ಹೋಗಿ. ಅಲ್ಲಿ ಹೊಟ್ಟೆ ತುಂಬ ಉಣ್ಣಿ, ಸಂಕೋಚ ಬೇಡ.