ರೇಡಿಯೋ ಪಡದೆಗೆ ಹುಣಸೆ ಬೀಜದ ಗಂಜಿ

ನಮ್ಮ ಮನೆಯವರಿಗೆ ಯಾವ ಕೆಲಸವನ್ನೂ ಒಂದಕ್ಕಿಂತ ಹೆಚ್ಚು ಸಲ ಮಾಡಿ ಗೊತ್ತಿಲ್ಲ. ಗೋಡೆಗೆ ಸುಣ್ಣ ಒಂದೇ ಕೈ, ಚಹಾಕ್ಕೆ ಸಕ್ಕರೆ ಒಂದೇ ಚಮಚ, ಹೆಂಡತಿಯನ್ನು ಕರೆಯುವುದೂ ಒಂದೇ ಸಲ. (ಆ ಒಂದು ಸಲಕ್ಕೆ ನಾನು ಓಗೊಡದಿದ್ದರೆ ತಾವೇ ಎದ್ದು ಹೋಗಿ ನೀರು ಕುಡಿಯುತ್ತಾರೆ. ಇಂಥವರ ಜೊತೆ ಜಗಳ ತೆಗೆಯುವುದು ಎಷ್ಟು ಕಷ್ಟ ಎಂಬುದು ಸಿಡುಕ ಗಂಡಂದಿರ ಹೆಂಡಿರಿಗೆ ತಿಳಿಯದು.) ಅವರ ಊರು ಸುರಪುರ, ಬೆಳೆದದ್ದು ಚಿತ್ರಗಾರರ ಓಣಿಯಲ್ಲಿ. ಕೂದಲೆಳೆಯಂಥ ಕುಂಚದಿಂದ ಒಂದು ಗೆರೆ ಎಳೆದು, ಹಿಂದೆ ಸರಿದು, ಅರ್ಧ ತಾಸು ಅದನ್ನೇ ನೋಡುವ ಜನರ ನಡುವೆ ಬೆಳೆದರೆ ಮನುಷ್ಯ ಹೀಗೇ ಆಗುತ್ತಾನೆ.

ನನ್ನ ತವರು ಶಹಾಪುರದ ಹತ್ತಿರ ದೋರನಹಳ್ಳಿ. ನಮ್ಮ ಮನೆಯ ಎದುರಿಗೇ ಕಂಬಳಿ ನೇಯುವವರಿದ್ದರು. ಅವರು ಹುಣಸೆ ಬೀಜದ ಗಂಜಿ ಕಾಯಿಸಿ, ನೆಲಕ್ಕೆ ಹಾಸಿದ ಕಂಬಳಿಗೆ ತಿಕ್ಕಿ ತಿಕ್ಕಿ ಬಳಿದು ಬಿಸಿಲಿಗೆ ಹಾಕುತ್ತಿದ್ದರು. ಒಣಗಿದ ಕಂಬಳಿಯನ್ನು ಎತ್ತಿ ನಿಲ್ಲಿಸಿದರೆ ನಿಲ್ಲಬೇಕು. ನಿಲ್ಲದಿದ್ದರೆ ಇನ್ನೊಂದು ಕೈ. ನಾನು ಕಲಿತ ವಿದ್ಯೆ ಅದು. ಇವತ್ತಿಗೂ ಬೀಜದ ಪುಡಿ ಒಂದು ಡಬ್ಬಿ ತವರಿನಿಂದ ತರಿಸಿ ಇಟ್ಟುಕೊಂಡಿರುತ್ತೇನೆ, ಇವರ ರುಮಾಲಿಗೆ ಬೇಕಾಗುತ್ತದೆಂದು.

ಇವರ ಹೆಸರು ಪಂಪಣ್ಣ. (ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಎಂದು ಅವ್ವ ಕಲಿಸಿದ್ದಾಳೆ. ಬರೆಯಬಾರದು ಎಂದು ಹೇಳಿಲ್ಲ, ಅವಳಿಗೆ ಬರೆಯಲು ಬರುತ್ತಿರಲಿಲ್ಲ.) ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಹೊಲಿಗೆ ಮಶೀನು, ಗ್ಯಾಸಬತ್ತಿ, ಗ್ರಾಮಫೋನು ರಿಪೇರಿ ಮಾಡುವ ಅಂಗಡಿ ಇವರದು. ರೇಡಿಯೋ ವಿದ್ಯೆಯನ್ನೂ ಹೇಗೋ ಕಲಿತರು. ಆದರೆ ಆಗ ಯಾದಗಿರಿಗೆಲ್ಲ ನನಗೆ ಗೊತ್ತಿದ್ದ ರೇಡಿಯೋ ಎರಡೇ. ಒಂದು ಪೊಲೀಸ್ ಠಾಣೆಯ ಅಮೀನ ಸಾಹೇಬರದು. ಇನ್ನೊಂದು ನಮ್ಮ ಪಕ್ಕದ ಮನೆಯ ಗೌಹರಬೇಗಂ ಅವರದು. ನಮಗೂ ಅವರಿಗೂ ನಡುವೆ ಒಂದೇ ಗೋಡೆ.

ಬೇಗಂ ಸಾಹೇಬರು ವಿಧವೆ. ಒಬ್ಬನೇ ಮಗ ಖಾದರ್, ಯುದ್ಧ ಶುರುವಾದ ಮೇಲೆ ಫೌಜಿಗೆ ಸೇರಿ ಮಿಸರ್ ದೇಶಕ್ಕೆ, ಅಂದರೆ ಈಜಿಪ್ಟಿಗೆ, ಹೋಗಿದ್ದ. ತಾಯಿ ಬೇಡವೆಂದರೂ ಹೋದ. ಹೊರಡುವ ದಿನ ಅವನು ಕೂಗಾಡಿದ್ದು ಗೋಡೆಯಾಚೆ ನಮಗೂ ಕೇಳಿಸಿತ್ತು. ತಂದೆಯದೇ ಗಂಟಲು ಅವನದು, ದಪ್ಪ ದನಿ. ಬಾಗಿಲು ಬಡಿದು ಹೋದವನು ಸಲಾಮು ಕೂಡ ಹೇಳಿರಲಿಲ್ಲ. ಎರಡು ವರ್ಷವಾಗಿತ್ತು. ಆ ಹೆಂಗಸು ಅದರ ಬಗ್ಗೆ ಯಾರ ಹತ್ತಿರವೂ ಒಂದು ಮಾತು ಆಡಿರಲಿಲ್ಲ.

ಒಂದು ಮಂಗಳವಾರ ಅವರ ಮನೆಯ ಅಡಿಗೆಯ ಚಮನಬೀ ಏದುಸಿರು ಬಿಡುತ್ತ ಬಂದಳು. ಖಾದರನ ಕಾಗದ ಬಂದಿದೆಯಂತೆ. ಅಲ್ಲಿಯ ಜವಾನರ ದನಿಯನ್ನು ಗ್ರಾಮಫೋನು ತಟ್ಟೆಯಲ್ಲಿ ಹಿಡಿದು ಹೈದರಾಬಾದಿಗೆ ಕಳಿಸಿದ್ದಾರಂತೆ. ಬರುವ ಶುಕ್ರವಾರ ಸಂಜೆ ಆರು ಗಂಟೆಗೆ ರೇಡಿಯೋದಲ್ಲಿ ಹಾಕುತ್ತಾರಂತೆ, ಒಬ್ಬೊಬ್ಬನಿಗೆ ಒಂದೊಂದು ನಿಮಿಷ. ಆದರೆ ಬೇಗಂ ಸಾಹೇಬರ ರೇಡಿಯೋ ಮಳೆಗಾಲದ ಥಂಡಿ ಹಿಡಿದಾಗಿನಿಂದ ಬರೀ ಭೊರ್ರ್ ಎನ್ನುತ್ತಿತ್ತು. ಮಾತಾಡುವವರು ಗಂಡಸೋ ಹೆಂಗಸೋ ತಿಳಿಯುತ್ತಿರಲಿಲ್ಲ. ಅಮೀನ ಸಾಹೇಬರು ಮನೆಗೆ ಬೀಗ ಹಾಕಿ ಸೈದಾಪುರದ ಕಡೆ ದೌರೆಗೆ ಹೋಗಿದ್ದರು, ಅಲ್ಲಿ ಹೋಗಿ ಕೇಳುವಂತೆಯೂ ಇರಲಿಲ್ಲ. ಮೂರು ದಿನದೊಳಗೆ ಇದೇ ರೇಡಿಯೋ ಮಾತಾಡಬೇಕು.

ನಮ್ಮವರು ಪೆಟ್ಟಿಗೆಯನ್ನು ಮನೆಗೆ ತಂದು ಪಡಸಾಲೆಯಲ್ಲಿ ಬಿಚ್ಚಿದರು. ನಾನು ಪಕ್ಕದಲ್ಲೇ ಕುಳಿತಿದ್ದೆ. (ರೇಡಿಯೋದೊಳಗೆ ಏನಿದೆ ಎಂದು ನೋಡುವ ಅವಕಾಶ ಬಿಡುವಷ್ಟು ವೈರಾಗ್ಯ ನನಗೆ ಬಂದಿಲ್ಲ.) ಒಳಗೆ ಗಾಜಿನ ಬುರುಡೆಗಳು, ತಂತಿ, ಇನ್ನೇನೇನೋ. ಮುಂದೆ ಎಣ್ಣೆ ಸುರಿಯುವ ಲಾಳಿಕೆಯ ಆಕಾರದ, ಕಾಗದದ ಒಂದು ದೊಡ್ಡ ಬಟ್ಟಲು. ಅದಕ್ಕೆ ಇವರು ಪಡದೆ ಎನ್ನುತ್ತಾರೆ. ದನಿ ಹುಟ್ಟುವುದೇ ಅದರಿಂದಂತೆ. ಮುಟ್ಟಿ ನೋಡಿದೆ, ಗಾಳಿಗಿಟ್ಟ ಹಪ್ಪಳದ ಹಾಗೆ ಮೆತ್ತಗಾಗಿತ್ತು. ಇಷ್ಟು ದೊಡ್ಡ ಸರಕಾರ್, ಇಷ್ಟು ದೊಡ್ಡ ಯುದ್ಧ, ಎಲ್ಲರ ಮಾತೂ ಈ ರದ್ದಿ ಕಾಗದದಿಂದ ಬರುತ್ತದೆಯೆಂದು ತಿಳಿದು ನನಗೆ ರೇಡಿಯೋ ಮೇಲಿದ್ದ ಗೌರವ ಅರ್ಧ ಹೋಯಿತು.

ಹೊಸ ಪಡದೆ ಹೈದರಾಬಾದಿನಿಂದ ಬರಬೇಕು, ಬರಲು ತಿಂಗಳಾಗುತ್ತದೆ. ಇವರು ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ನೀರಿಗಿಂತ ತೆಳ್ಳಗೆ ಮಾಡಿಕೊಂಡು, ಸುರಪುರದ ಕುಂಚದಿಂದ ಪಡದೆಗೆ ಒಂದು ಕೈ ಬಳಿದರು. ಒಂದೇ ಕೈ. ಅದೂ ನಡುವಿಗೆ ಮಾತ್ರ. ಸುತ್ತಲಿನ ಅಂಚಿಗೆ ಕುಂಚ ತಾಗದಂತೆ ಉಸಿರು ಬಿಗಿಹಿಡಿದು ಬಳಿದರು. ನೋಡಿ ನನ್ನ ಕೈ ತುರಿಸತೊಡಗಿತು.

"ಇನ್ನೊಂದು ಕೈ ಬಳೀರಲ್ಲ. ಅಂಚು ಯಾಕ ಬಿಟ್ರಿ?"

"ಬಿಗಿ ಆಗಬೇಕು, ಆದ್ರ ಹಗೂರ ಇರಬೇಕು. ಅಂಚು ಮೆತ್ತಗಿದ್ರನ ಅದು ಹಿಂದ ಮುಂದ ಆಡತೈತಿ. ಆಡಿದ್ರನ ದನಿ. ಮುಟ್ಟಬ್ಯಾಡ."

ಗುರುವಾರ ಬೆಳಿಗ್ಗೆ ಇವರು ಬ್ಯಾಟರಿಗೆ ಕರೆಂಟು ತುಂಬಿಸಲು ಹತ್ತಿಯ ಜಿನ್ನಿಂಗ್ ಗಿರಣಿಗೆ ಹೋದರು, ಬರುವುದು ಸಂಜೆಯೇ. ಪಡದೆ ಚೌಕಟ್ಟಿನ ಸಮೇತ ಗೂಡಿನಲ್ಲಿ ಒಣಗುತ್ತಿತ್ತು. ನಾನು ಎರಡು ಸಲ ಹೋಗಿ ನೋಡಿ ಬಂದೆ. ಮೂರನೆಯ ಸಲ ಬೆರಳಿನಿಂದ ಅಂಚನ್ನು ಒತ್ತಿದೆ. ಲೊಳಲೊಳ. ನಾಳೆ ಸಂಜೆಯೇ ಒಂದು ಹನಿ ಮಳೆ ಬಂದರೆ? ಎರಡು ವರ್ಷದಿಂದ ಕಾಯುತ್ತಿರುವ ತಾಯಿಗೆ ಭೊರ್ರ್ ಎಂದರೆ? ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ನಾನು ಮಾಡಿದ್ದು ಆ ತಾಯಿಯ ಸಲುವಾಗಿ. ಸ್ವಲ್ಪ ಮಾತ್ರ, ಇವರಿಗಿಂತ ನನಗೆ ಹೆಚ್ಚು ತಿಳಿಯುತ್ತದೆ ಎಂಬ ಸಲುವಾಗಿ.

ಹುಣಸೆ ಬೀಜದ ಪುಡಿ ಕುದಿಸಿ ಗಂಜಿ ಮಾಡಿದೆ. ಪಡದೆಯನ್ನು ಮಾಳಿಗೆಯ ಮೇಲೊಯ್ದು ಬಿಸಿಲಿಗಿಟ್ಟು ಒಂದು ಕೈ ಬಳಿದೆ. ಒಣಗಿತು. ಎರಡನೆಯದು. ಮೂರನೆಯದು. ನಾಲ್ಕನೆಯದು ಬಳಿಯುವಾಗ ಅಂಚು ಇನ್ನೂ ಕೊಂಚ ಬಳುಕುತ್ತಿತ್ತು, ಅದಕ್ಕೊಂದು ಹೆಚ್ಚಿನ ಕೈ. ನಾಲ್ಕು ಗಂಟೆಗೆ ಉಗುರಿನಿಂದ ಬಡಿದು ನೋಡಿದರೆ ಟಣ್ ಎಂದಿತು. ದೋರನಹಳ್ಳಿಯವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಗೂಡಿನಲ್ಲಿ ಮತ್ತೆ ಇದ್ದ ಹಾಗೆಯೇ ಇಟ್ಟು, ಏನೂ ತಿಳಿಯದವಳಂತೆ ರೊಟ್ಟಿ ಬಡಿಯಲು ಕುಳಿತೆ.

ಶುಕ್ರವಾರ ಮಧ್ಯಾಹ್ನ ಇವರು ಎಲ್ಲ ಜೋಡಿಸಿ, ತಂತಿ ಕಟ್ಟಿ, ರೇಡಿಯೋದ ಕಿವಿ ಹಿಂಡಿದರು. ಹೈದರಾಬಾದಿನಲ್ಲಿ ಖಬರು ಓದುವ ಮನುಷ್ಯ ಗಡಸು ದನಿಯವನು. ಆ ದಿನ ಅವನು ಹತ್ತು ವರ್ಷದವನಾಗಿದ್ದ. ಮಾತು ಸ್ಪಷ್ಟ, ಒಂದಕ್ಷರವೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಆದರೆ ದನಿಯಲ್ಲಿ ದಪ್ಪ ಎಂಬುದೇ ಇಲ್ಲ. ಜರ್ಮನಿಯ ಮೇಲೆ ಎಷ್ಟು ಬಾಂಬು ಬಿದ್ದವೆಂದು ಯಾರೋ ಸಣ್ಣ ಹುಡುಗ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದ.

ಇವರು ತಟ್ಟನೆ ರೇಡಿಯೋ ಬಂದ್ ಮಾಡಿದರು. ಪಡದೆ ಬಿಚ್ಚಿ ಬೆಳಕಿಗೆ ಹಿಡಿದರು, ಮೂಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀ ಏನರ ಮುಟ್ಟಿದ್ದೇನು?"

ಹೌದೆನ್ನಬೇಕಿತ್ತು. ಬಾಯಿ ತೆರೆದದ್ದೂ ಹೌದೆನ್ನಲಿಕ್ಕೇ. ಆದರೆ ಹದಿನಾರು ವರ್ಷ ಯಾರ ಮುಂದೆ ಸೋತಿಲ್ಲವೋ ಅವರ ಮುಂದೆ ಸೋಲುವುದು ಹೇಗೆಂದು ನಾಲಿಗೆಗೆ ಗೊತ್ತಿರಲಿಲ್ಲ.

"ನಾ ಯಾಕ ಮುಟ್ಟಲಿ? ನಿಮ್ಮ ಸುರಪುರದ ಅರಗು ಏನ್ ಮಾಡೇತೋ, ಯಾರಿಗೆ ಗೊತ್ತು."

ಇವರು ಇನ್ನೊಮ್ಮೆ ಕೇಳಲಿಲ್ಲ. (ಹೇಳಿದೆನಲ್ಲ, ಯಾವುದೂ ಒಂದೇ ಸಲ.) ಒದ್ದೆ ಬಟ್ಟೆಯಿಂದ ಅಂಚನ್ನು ಸವರಿ ಗಂಜಿ ಬಿಡಿಸಲು ನೋಡಿದರು. ಗಂಜಿಯ ಜೊತೆ ಕಾಗದವೂ ಎದ್ದು ಬರತೊಡಗಿತು. ಕೈ ಬಿಟ್ಟು, ತಲೆಯ ಮೇಲೆ ಕೈ ಹೊತ್ತು ಕುಳಿತರು.

ಅಲ್ಲಿರಲಾರದೆ ಕೊಡ ತೆಗೆದುಕೊಂಡು ಬಾವಿಗೆ ಹೋದರೆ ಅಲ್ಲಿ ಚಮನಬೀ, ಅವಳ ಸುತ್ತ ಓಣಿಯ ಅಷ್ಟೂ ಹೆಂಗಸರು. ರೇಡಿಯೋ ಚೀರುವುದನ್ನು ಎಲ್ಲರೂ ಕೇಳಿದ್ದರು. ಏನಾಯಿತು, ಯಾರು ಕೆಡಿಸಿದರು ಎಂದು ಶುರುವಾಯಿತು. ಅವರಲ್ಲೊಬ್ಬಳು ಮರಿಲಿಂಗಮ್ಮ, ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಗಂಜಿಯನ್ನು ಒಂದು ನಮೂನೆ ನೋಡಿದಳು. ನಾನು ಕೈಯನ್ನು ನೀರಿಗೆ ಅದ್ದಿ, ಗಟ್ಟಿಯಾಗಿ ಹೇಳಿಬಿಟ್ಟೆ. ಬಳಿದದ್ದೆಲ್ಲ ನಮ್ಮ ಮನೆಯವರೇ, ನಾನು ಅದನ್ನು ಬೆರಳಿನಿಂದಲೂ ಮುಟ್ಟಿಲ್ಲ, ಮೈಲಾಪುರದ ಮಲ್ಲಯ್ಯನ ಆಣೆ. ಆಣೆ ಬಾಯಿಂದ ಹೊರಬಿದ್ದ ಮೇಲೆ ಅರ್ಧ ಕೊಡ ಹೊತ್ತೇ ಮನೆಗೆ ತಿರುಗಿದೆ.

ಸಂಜೆ ಐದೂವರೆಗೆ ಬೇಗಂ ಸಾಹೇಬರ ದಿವಾನಖಾನೆ ತುಂಬಿತ್ತು. ಗಂಡಸರು ಹೊರಗೆ, ನಾವು ಹೆಂಗಸರು ಬಿದಿರಿನ ಚಿಕ್ಕು ಎಂಬ ತೆರೆಯ ಈಚೆಗೆ. ಬೇಗಂ ಸಾಹೇಬರು ಹಬ್ಬದ ಬಿಳಿ ದುಪಟ್ಟಾ ಹೊದ್ದು ನನ್ನ ಪಕ್ಕದಲ್ಲೇ ಕುಳಿತಿದ್ದರು, ಮಡಿಲಲ್ಲಿ ಮಗನ ಕಾಗದ. ಅದನ್ನು ಮಡಚುತ್ತಿದ್ದರು, ಮತ್ತೆ ಬಿಚ್ಚುತ್ತಿದ್ದರು. ಚಿಕ್ಕಿನ ಆಚೆಯಿಂದ ನಮ್ಮವರು ಎದ್ದು ನಿಂತು ಮಾತಾಡಿದರು.

"ಬೇಗಂ ಸಾಹೇಬ್ರ, ದನಿ ಕೆಟ್ಟೈತ್ರಿ. ಮಾತು ತಿಳೀತದ, ದನಿ ಅವನದು ಇರೂದಿಲ್ಲ. ನಾನು ಹೆಚ್ಚು ಬಳದೆ. ತಪ್ಪು ನಂದು, ಮಾಫ್ ಮಾಡ್ರಿ."

ಬಳಿದದ್ದು ನಾನೆಂದು ನಮ್ಮವರಿಗೆ ಗೊತ್ತಿತ್ತು. ಮೂಸಿದಾಗಲೇ ಗೊತ್ತಾಗಿತ್ತು. ಹದಿನಾರು ವರ್ಷ ಅದೇ ಗಂಜಿಯ ರುಮಾಲು ತಲೆಗೆ ಸುತ್ತಿದವರಿಗೆ ಅದರ ವಾಸನೆ ತಿಳಿಯುವುದಿಲ್ಲವೇ? ನೆಲ ಬಾಯ್ತೆರೆದು ನನ್ನನ್ನು ನುಂಗಲಿ ಎನ್ನಿಸಿತು. ಎದ್ದು ನಿಜ ಹೇಳಬೇಕೆಂದು ಮೊಣಕಾಲೂರಿದೆ. ಅಷ್ಟರಲ್ಲಿ ಆರು ಗಂಟೆಯಾಯಿತು.

ಮೊದಲು ಗುಲಬರ್ಗಾದವನೊಬ್ಬ, ಆಮೇಲೆ ಬೀದರಿನವನೊಬ್ಬ. ಇಬ್ಬರೂ ಫೌಜಿನ ಜವಾನರು, ಇಬ್ಬರೂ ಮದರಸಾದ ಪೋರರ ಹಾಗೆ ಕೀಚು ದನಿಯಲ್ಲಿ ಮಾತಾಡಿದರು. ಹೊರಗೆ ಯಾರೋ ಕಿಸಕ್ಕೆಂದ. ನಾನು ಕಣ್ಣು ಮುಚ್ಚಿಕೊಂಡೆ. ಆಗ ಖಾದರನ ಹೆಸರು ಕೂಗಿದರು.

"ಅಮ್ಮೀಜಾನ್, ಸಲಾಮ್."

ಹನ್ನೆರಡು ವರ್ಷದ ಹುಡುಗನ ದನಿ. ತಾನು ಹುಷಾರಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ, ಹೋಗುವಾಗ ಸಲಾಮು ಹೇಳದೆ ಹೋದೆ, ಈಗ ಹೇಳುತ್ತಿದ್ದೇನೆ, ನನ್ನ ಮೇಲೆ ಸಿಟ್ಟು ಬೇಡ ಎಂದಿತು ಆ ದನಿ. ಒಂದು ನಿಮಿಷ ಮುಗಿಯಿತು. ನನ್ನ ಪಕ್ಕದಲ್ಲಿ ಬೇಗಂ ಸಾಹೇಬರು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಎಲ್ಲ ಮುಗಿಯಿತು, ಇನ್ನು ಈ ಓಣಿಯಲ್ಲಿ ನಮಗೆ ಜಾಗವಿಲ್ಲ ಎಂದುಕೊಂಡೆ. ಅವರು ಮುಖ ಎತ್ತಿದರು. ಅಳುವಿನ ನಡುವೆ ನಗುತ್ತಿದ್ದರು.

"ಎರಡು ವರ್ಸದಿಂದ ನನ್ನ ಕಿವ್ಯಾಗ ಅವನ ಒದರಾಟನೇ ತುಂಬಿತ್ತು, ಬೇಟಿ. ಆ ದಪ್ಪ ದನಿ ಮತ್ತ ಕೇಳಬೇಕಲ್ಲ ಅಂತ ಅಂಜಿಕಿ ಇತ್ತು ನನಗ. ಇವತ್ತು ನನ್ನ ಸಣ್ಣ ಖಾದರ್ ಬಂದು ಸಲಾಮ್ ಹೇಳ್ಯಾನ."

ಕೂಡಲೇ ಪೆಟ್ಟಿಗೆ ತೆರೆಸಿ ತಮ್ಮ ಯಜಮಾನರ ಕಾಶ್ಮೀರಿ ಶಾಲು ತರಿಸಿದರು. ಚಮನಬೀ ಹೊರಗೊಯ್ದು ನಮ್ಮವರಿಗೆ ಹೊದಿಸಿದಳು. ಗಂಡಸರೆಲ್ಲ "ಉಸ್ತಾದ್, ಉಸ್ತಾದ್" ಎಂದರು. ಮಗನ ದನಿಯನ್ನು ತಿರುಗಿಸಿ ಎಳೆಯದು ಮಾಡುವ ಕರಾಮತ್ತು ಯಾರಿಗುಂಟು ಎಂದು ಮಾತಾಡಿಕೊಂಡರು. ನಮ್ಮವರು ಶಾಲಿನೊಳಗೆ ಇನ್ನಷ್ಟು ಸಣ್ಣಗಾಗಿ ನಿಂತಿದ್ದರು.

ನನಗೆ ತಡೆಯಲಾಗಲಿಲ್ಲ. ಬೈಗುಳ ಸಿಕ್ಕಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ, ಸಿಕ್ಕಿದ್ದು ಶಾಲು. ಎದ್ದು ನಿಂತು, ಅದು ಅವರು ಮಾಡಿದ್ದಲ್ಲ, ನಾನು ಮಾಡಿದ್ದು, ನಾಲ್ಕು ಕೈ ಬಳಿದವಳು ನಾನು ಎಂದೆ. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಯಾರ ಮುಖದಲ್ಲೂ ನಂಬಿಕೆಯಿರಲಿಲ್ಲ.

"ಮಧ್ಯಾಹ್ನ ಮಲ್ಲಯ್ಯನ ಆಣಿ ಮಾಡಿ ಮುಟ್ಟಿಲ್ಲ ಅಂದಿದ್ಯಲ್ಲ, ಹಂಪವ್ವ," ಎಂದಳು ಚಮನಬೀ ಮೆಲ್ಲಗೆ. "ಗಂಡನ ಹೆಸರು ಮ್ಯಾಲ ಬಂದದ್ದು ನೋಡಿ ಸಂಕಟ ಆತೇನವ್ವ?"

ಮುಟ್ಟಿದ್ದೇನೆಂದರೆ ದೇವರ ಮೇಲೆ ಸುಳ್ಳಾಣೆ ಮಾಡಿದವಳು. ಮುಟ್ಟಿಲ್ಲವೆಂದರೆ ಗಂಡನ ಕೀರ್ತಿಗೆ ಕರುಬುವವಳು. ಬೇಗಂ ಸಾಹೇಬರು ನನ್ನ ಕೈ ಹಿಡಿದು ಕೂರಿಸಿ, ಇಂಥ ಗಂಡನನ್ನು ಪಡೆದದ್ದು ನನ್ನ ನಸೀಬು ಎಂದು ಸಮಾಧಾನ ಹೇಳಿದರು. ಆ ರೇಡಿಯೋವನ್ನು ಇನ್ನು ಯಾರೂ ಬಿಚ್ಚಕೂಡದೆಂದು ತಾಕೀತೂ ಮಾಡಿದರು.

ಮರುವಾರ ಅಮೀನ ಸಾಹೇಬರು ದೌರೆಯಿಂದ ಬಂದರು. ಅವರ ಮಗಳು ಲಗ್ನವಾಗಿ ಔರಂಗಾಬಾದಿನಲ್ಲಿದ್ದಾಳೆ, ಆಗಾಗ ಅಲ್ಲಿಯ ರೇಡಿಯೋದಲ್ಲಿ ಹಾಡುತ್ತಾಳಂತೆ. ಅವಳ ತಾಯಿಗೆ ಮಗಳ ಎಳೆಯ ದನಿ ಬೇಕಂತೆ. ರೇಡಿಯೋ ಹೊತ್ತ ಜವಾನ ನಮ್ಮ ಪಡಸಾಲೆಯಲ್ಲಿ ನಿಂತಿದ್ದ. ನಮ್ಮವರು ಶಾಲು ಹೊದ್ದು ಅದನ್ನು ಗಂಭೀರವಾಗಿ ನೋಡಿ, ಆಗಲಿ, ಮಾಡೋಣ ಎಂದರು. ಆಮೇಲೆ ನೀರು ಕುಡಿಯುವ ನೆವದಿಂದ ಅಡಿಗೆಮನೆಗೆ ಬಂದು ನನ್ನ ಕಿವಿಯ ಹತ್ತಿರ ಬಾಗಿದರು.

"ಎಷ್ಟ ಕೈ ಬಳದಿದ್ದಿ?"

ನಾನು ಮುಟ್ಟೇ ಇಲ್ಲವಲ್ಲ ಎನ್ನಬೇಕೆಂದು ಬಹಳ ಇತ್ತು. ಇವರು ಒಂದು ಲೋಟ ನೀರು ಕುಡಿದು ಮುಗಿಸಿದರು. ಕೊನೆಗೆ ಅವರೇ, ನಮ್ಮ ಮದುವೆಯಾದ ಮೇಲೆ ಮೊದಲ ಬಾರಿಗೆ, ಅದನ್ನೇ ಇನ್ನೊಂದು ಸಲ ಕೇಳಿದರು.

"ನಡುವಿಗೆ ನಾಕು, ಅಂಚಿಗೆ ಐದು," ಎಂದು ಹೇಳಿ, ಬೀಜದ ಪುಡಿಯ ಡಬ್ಬಿ ಇಳಿಸಿ ಒಲೆಯ ಮೇಲೆ ನೀರಿಟ್ಟೆ.