ಬೀಗರ ಟ್ಯಾಕೋ

ಮೊದಲಿಗೇ ನನ್ನ ಯೋಗ್ಯತೆಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಕೊನೆಗೆ ಹೇಳಲು ಏನೂ ಉಳಿದಿರುವುದಿಲ್ಲ. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ, ರಾಯಾಪುರದ ಹತ್ತಿರ ನನ್ನದೊಂದು ಗ್ಯಾರೇಜು ಇದೆ. ಮೂವತ್ತು ವರ್ಷಗಳಿಂದ ನಾನು ಕಾರುಗಳ ಡೆಂಟು ತೆಗೆಯುತ್ತಿದ್ದೇನೆ. ಲಾರಿಗೆ ಗುದ್ದಿ ಮುದ್ದೆಯಾದ ಬಾಗಿಲನ್ನು ನಾನು ಸುತ್ತಿಗೆಯಿಂದ ನಾಲ್ಕು ಸಲ ಮಾತಾಡಿಸಿದರೆ ಸಾಕು, ಅದು ತನ್ನ ತಪ್ಪು ಒಪ್ಪಿಕೊಂಡು ನೆಟ್ಟಗಾಗುತ್ತದೆ. ಇಂಥ ಮನುಷ್ಯನಿಗೆ ಒಂದು ರೊಟ್ಟಿ ಮಡಚುವುದು ಕಷ್ಟವೇ ಎಂದು ನಾನು ಆವತ್ತು ಕೇಳಿದ್ದೆ. ಈಗ ಕೇಳುವುದಿಲ್ಲ.

ವಿಷಯ ಶುರುವಾದದ್ದು ಮಗಳು ನಸ್ರೀನಳ ಫೋನಿನಿಂದ. ಮದುವೆಯಾಗಿ ಧಾರವಾಡಕ್ಕೆ ಹೋಗಿ ಮೂರು ತಿಂಗಳಾಗಿತ್ತು. ಅತ್ತೆ ಮುಮ್ತಾಜ್ ಟೀಚರ್, ಕನ್ನಡ ಸಾಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನು ಓದಿಸಿದವರು, ತಮ್ಮ ಸಣ್ಣ ಕಾರನ್ನು ತಾವೇ ಓಡಿಸುವವರು. ಅವರು ಮಾತಾಡಿದರೆ ಇಡೀ ಕ್ಲಾಸು ಎದ್ದು ನಿಂತು ಕೈ ಮುಗಿಯಬೇಕು, ಅಷ್ಟು ಗತ್ತು. ಅಂಥವರ ಮನೆಯಲ್ಲಿ ನನ್ನ ಮಗಳು ಹೋದ ಹೊಸತರಲ್ಲೇ ಒಂದು ಗಾಜಿನ ಜಗ್ಗು ಒಡೆದಿದ್ದಳು. ಟೀಚರ ತಾಯಿಯ ಕಾಲದ ಜಗ್ಗು.

"ಬೈದ್ರೇನು?" ಎಂದೆ ನಾನು.

"ಬೈದಿದ್ರ ಛಲೋ ಇತ್ತಬ್ಬಾ," ಎಂದಳು. ದನಿ ಸಣ್ಣದಾಗಿತ್ತು. "'ಇರ್ಲಿ ಬಿಡವಾ' ಅಂದು ಚೂರು ಆರಿಸಿ ಒಂದು ಡಬ್ಬ್ಯಾಗ ಇಟ್ರು. ಅವತ್ತಿಂದ ನಾ ಅವರ ಮುಂದ ಜೋರಾಗಿ ಉಸಿರೂ ಬಿಟ್ಟಿಲ್ಲ."

ಈ ಹುಡುಗಿ ನಮ್ಮ ಮನೆಯಲ್ಲಿ ನಕ್ಕರೆ ಓಣಿಯ ನಾಯಿಗಳು ಎದ್ದು ಕೂರುತ್ತಿದ್ದವು. ಅಂಥವಳು ಈಗ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. ಬರುವ ಭಾನುವಾರ ಮಧ್ಯಾಹ್ನ ಬೀಗರಿಗೆ ನಮ್ಮ ಬೈರಿದೇವರಕೊಪ್ಪದ ಮನೆಯಲ್ಲಿ ಮೊದಲ ದಾವತ್ತು ಇತ್ತು. ನಾನು ನಿರ್ಧರಿಸಿದೆ: ಆ ಊಟದಿಂದಲೇ ಮಗಳ ಮರ್ಯಾದೆ ಮರಳಿ ಬರಬೇಕು. ನಿಮ್ಮ ಅತ್ತೆಗೆ ಏನು ಇಷ್ಟ ಎಂದು ಕೇಳಿದೆ.

"ಅವರಿಗೆ ಟ್ಯಾಕೋ ಅಂದ್ರ ಭಾಳ ಜೀವ. ಹುಬ್ಬಳ್ಳಿಗೆ ಬಂದಾಗೊಮ್ಮೆ ತಿಂತಾರ. ಬೀಫಿಂದು, ಎಣ್ಯಾಗ ಕರಿದದ್ದು, ಕರಕರಿ ಇರ್ತತಲ್ಲ, ಅದು."

ಫೋನಿಟ್ಟ ಕೂಡಲೇ ಹೆಂಡತಿ ಖತೀಜಾಳಿಗೆ ಸುದ್ದಿ ತಿಳಿಸಿದೆ. ಅವಳು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.

"ನಾ ಬಿರ್ಯಾನಿ ಮಾಡ್ತೇನಿ. ಬರ್ತಾರ, ಉಣ್ತಾರ, ಹೋಗ್ತಾರ," ಎಂದಳು.

"ಬಿರ್ಯಾನಿ ಎಲ್ಲಾರೂ ಮಾಡ್ತಾರ. ಬೀಗತಿ ಜೀವಮಾನದಾಗ ಮರೀಬಾರ್ದು, ಅಂಥಾದ್ದು ಆಗಬೇಕು. ನೀ ಅಡುಗಿಮನ್ಯಾಗ ಕಾಲಿಡಬ್ಯಾಡ."

ಖತೀಜಾ ನನ್ನನ್ನು ಒಮ್ಮೆ ನೋಡಿ ಮತ್ತೆ ಬೆಳ್ಳುಳ್ಳಿಯ ಕಡೆ ತಿರುಗಿದಳು. ಬೀಗತಿ ಮರೆಯಬಾರದು ಎಂಬ ನನ್ನ ಆಸೆಯನ್ನು ದೇವರು ಅಕ್ಷರಶಃ ನಡೆಸಿಕೊಟ್ಟ ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ.

ಟ್ಯಾಕೋ ಮಾಡುವ ವಿಡಿಯೊವನ್ನು ಗ್ಯಾರೇಜಿನಲ್ಲಿ ಏಳು ಸಲ ನೋಡಿದೆ. ಮೆಕ್ಕೆಜೋಳದ ಮೆತ್ತನೆಯ ರೊಟ್ಟಿ, ಅದರೊಳಗೆ ಕೀಮಾ, ಅರ್ಧಕ್ಕೆ ಮಡಚಿ ಕಾದ ಎಣ್ಣೆಯಲ್ಲಿ ಕರಿದರೆ ಕರಕರಿ. ಅಷ್ಟೇ. ನೋಡುತ್ತ ನೋಡುತ್ತ ನನಗೆ ಇದನ್ನು ಕಂಡುಹಿಡಿದ ದೂರದೇಶದವರ ಮೇಲೆ ಕನಿಕರ ಬಂತು. ಪಾಪ, ಮೆತ್ತನೆಯ ರೊಟ್ಟಿ ಮಾಡಿ, ಅದನ್ನು ಕರಿದು, ಆಮೇಲೆ ಕರಕರಿ ಮಾಡುತ್ತಾರೆ. ನಮ್ಮಲ್ಲಿ ರೊಟ್ಟಿ ಹುಟ್ಟುತ್ತಲೇ ಕರಕರಿ! ಪಕ್ಕದ ಮನೆಯ ಶಾಂತಕ್ಕ ಜೋಳದ ಖಡಕ್ ರೊಟ್ಟಿ ಬಡಿದು, ಒಣಗಿಸಿ, ಮಾರುತ್ತಾಳೆ. ಆರು ತಿಂಗಳಿಟ್ಟರೂ ಹಪ್ಪಳದ ಹಾಗೆ ಇರುತ್ತವೆ. ಅರ್ಧ ಕೆಲಸ ಉಳಿಯಿತಲ್ಲ ಎಂದು ಶನಿವಾರವೇ ಇಪ್ಪತ್ತೈದು ರೊಟ್ಟಿ ತಂದುಕೊಂಡೆ. ಯಾತಕ್ಕೆ ಎಂದು ಹೇಳಲಿಲ್ಲ. ಶಾಂತಕ್ಕನ ಮನೆಯಲ್ಲಿ ಮೊಟ್ಟೆಯ ಹೆಸರೂ ತೆಗೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಕೋಣದ ಕೀಮಾ ತಂದು, ಉಳ್ಳಾಗಡ್ಡಿ, ಶುಂಠಿ, ಖಾರ ಹಾಕಿ ಹುರಿದೆ. ಇದು ಮಾತ್ರ ಖರೇನೇ ಛಲೋ ಬಂತು. ಉಪ್ಪು ಹಾಕಿದವಳು ಖತೀಜಾ, ಆದರೆ ಆ ಚರ್ಚೆ ಈಗ ಬೇಡ. ನಂತರ ಮೊದಲನೆಯ ರೊಟ್ಟಿಯನ್ನು ಕೈಗೆತ್ತಿಕೊಂಡು, ಬಿಸ್ಮಿಲ್ಲಾ ಎಂದು, ಮಡಚಿದೆ.

ಟಪ್.

ಎರಡನೆಯದನ್ನು ನಿಧಾನವಾಗಿ ಮಡಚಿದೆ. ಅದು ನಿಧಾನವಾಗಿ ಮುರಿಯಿತು. ಆರನೆಯದು ಮುರಿಯುವ ಹೊತ್ತಿಗೆ ಖತೀಜಾ ಬಾಗಿಲಲ್ಲಿ ಬಂದು ನಿಂತಿದ್ದಳು. ಒಳಗೆ ಕಾಲಿಡಬೇಡ ಎಂದಿದ್ದೆನಲ್ಲ, ಹೊಸ್ತಿಲಿನ ಆಚೆಯೇ ನಿಂತು ಕೇಳಿದಳು, "ಅಕ್ಕಿ ನೆನಿ ಹಾಕ್ಲೇನು?"

"ಬ್ಯಾಡ."

"ಬರೇ ನೆನಿ ಹಾಕ್ತೇನಿ. ಬೇಕಾದ್ರ ಆಮ್ಯಾಲೆ ಕಾಗಿಗೆ ಚೆಲ್ಲಿದ್ರಾತು."

"ಬ್ಯಾಡ ಅಂದ್ನಿಲ್ಲೋ."

ತಗಡಿನ ಶಾಸ್ತ್ರದಲ್ಲಿ ಒಂದು ನಿಯಮವಿದೆ. ಬಾಗದ ವಸ್ತುವನ್ನು ಮೊದಲು ಮೆತ್ತಗೆ ಮಾಡಬೇಕು, ಅಚ್ಚಿನ ಮೇಲೆ ಬಗ್ಗಿಸಬೇಕು, ಆಮೇಲೆ ಗಟ್ಟಿಯಾಗಲು ಬಿಡಬೇಕು. ಉಳಿದ ರೊಟ್ಟಿಗಳಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಮೆತ್ತಗಾದವು. ಮಡಚಿದರೆ ಬಾಗಿದವು ಕೂಡ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಅಚ್ಚಿಗೆ ಒಂದು ಸೈಲೆನ್ಸರ್ ಪೈಪು ತಂದಿದ್ದೆ. ಅದು ಇನ್ನೂ ಯಾವ ಗಾಡಿಗೂ ಹಾಕದ ಹೊಸ ಪೈಪು, ಸೋಪು ಹಚ್ಚಿ ಎರಡು ಸಲ ತೊಳೆದದ್ದು. ಇದನ್ನು ದಾಖಲಿಸುವುದು ಅಗತ್ಯ, ಏಕೆಂದರೆ ಖತೀಜಾ ಊರ ತುಂಬ ಬೇರೆಯೇ ಹೇಳಿಕೊಂಡು ಬಂದಿದ್ದಾಳೆ. ಮಾಳಿಗೆಯ ಮೇಲೆ ಎರಡು ಕುರ್ಚಿಗಳ ನಡುವೆ ಪೈಪು ಇಟ್ಟು ಎಂಟು ರೊಟ್ಟಿ ನೇತುಹಾಕಿದೆ. ಮಿಕ್ಕವಕ್ಕೆ ಜಾಗ ಸಾಲದೆ, ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟೆ.

ಆಚೆ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಶಾಂತಕ್ಕ ತಲೆ ಎತ್ತಿದಳು. ಹಗ್ಗದ ಉದ್ದಕ್ಕೂ ಕಣ್ಣಾಡಿಸಿದಳು.

"ಸಾಬ್ರ, ನನ್ನ ರೊಟ್ಟಿ ಏನ್ ತಪ್ಪು ಮಾಡ್ಯಾವ್ರಿ?"

"ಏನಿಲ್ಲವಾ, ಒಣಗಾಕ ಹಾಕೇನಿ."

"ಒಣಗಿದ್ದನ್ನ ಕೊಟ್ಟಿದ್ದೆ. ತೊಳದು ಮತ್ತ ಒಣಗಸಾಕತ್ತೀರೇನು? ಅದೂ ನಿಮ್ಮ ಬನಿಯನ್ ಬಾಜೂಕ?"

ನಾನು ಪಕ್ಕಕ್ಕೆ ನೋಡಿದೆ. ಬನಿಯನ್ನು ಇತ್ತು. ನಿಜ ಹೇಳಬೇಕೆಂದರೆ ಎರಡಿದ್ದವು. ಶಾಂತಕ್ಕ ಸೆರಗು ಸೊಂಟಕ್ಕೆ ಸಿಗಿಸಿ ಗೋಡೆಯ ಹತ್ತಿರ ಬಂದಳು. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಅದು, ನನ್ನ ಸುತ್ತಿಗೆಯಷ್ಟೇ ಸೇವೆ ಸಲ್ಲಿಸಿದ್ದು. ಅದನ್ನು ನನ್ನ ಮುಖದ ಮುಂದೆ ಆಡಿಸಿ ಹೇಳಿದಳು, "ರೊಟ್ಟಿ ಮಡಚೂದಿದ್ರ ಹಂಚಿನ ಮ್ಯಾಗಿಂದ ತಗದ ಗಳಿಗಿಗೆ ಮಡಚಬೇಕ್ರಿ, ಬಿಸಿ ಇದ್ದಾಗ. ಖಡಕ್ ಆದ ಮ್ಯಾಲೆ ಅದು ಯಾರ ಮಾತೂ ಕೇಳೂದಿಲ್ಲ. ಹಿಟ್ಟು ಐತಿ, ಹತ್ತು ಬಿಸಿವು ಬಡದು ಕೊಡ್ಲೇನು?"

ಇಲ್ಲಿ ಹೂಂ ಅಂದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಮೂವತ್ತು ವರ್ಷದ ಅನುಭವಿ ಡೆಂಟರನಿಗೆ ಬಗ್ಗಿಸುವುದು ಹೇಗೆ ಎಂದು ಒಬ್ಬಳು ಪಾಠ ಹೇಳುವುದೇ? ಬೇಡವೆಂದು ಬಿಗುಮಾನದಿಂದ ತಿರುಗಿದೆ. ತಿರುಗುವಷ್ಟರಲ್ಲಿ ಕಾಗೆ ಒಂದು ರೊಟ್ಟಿ ಒಯ್ದಿತು.

ಹನ್ನೆರಡು ಗಂಟೆಯಾದರೂ ರೊಟ್ಟಿಗಳು ಪೂರ್ತಿ ಒಣಗಲಿಲ್ಲ. ಬೀಗರು ಒಂದು ಗಂಟೆಗೆ ಬರುವವರು. ಗ್ಯಾರೇಜಿನಲ್ಲಿ ಬಣ್ಣ ಒಣಗಿಸುವ ಬಿಸಿಗಾಳಿಯ ಗನ್ನನ್ನು ತಂದಿಟ್ಟುಕೊಂಡಿದ್ದೆ. ಅದನ್ನು ಚಾಲು ಮಾಡಿದೆ. ಮೊದಲ ರೊಟ್ಟಿ ಹಗ್ಗದಿಂದ ಕಳಚಿ ಹಾರಿ ಶಾಂತಕ್ಕನ ಮೆಣಸಿನಕಾಯಿಯ ಮೇಲೆ ಇಳಿಯಿತು. ಎರಡನೆಯದು ನಡುವೆ ಕಪ್ಪಾಗಿ ಸುಟ್ಟಿತು. ಇನ್ನು ಕೆಲವು ಮಡಿಕೆಯಲ್ಲೇ ಬಿರುಕುಬಿಟ್ಟವು. ಅಂತೂ ಹತ್ತು ರೊಟ್ಟಿಗಳು ಬಾಯ್ತೆರೆದ ಚಿಪ್ಪಿನ ಹಾಗೆ ಮಡಚಿಕೊಂಡು ಗಟ್ಟಿಯಾಗಿ ನಿಂತವು. ಹತ್ತನ್ನೂ ತಾಟಿನಲ್ಲಿ ಜೋಡಿಸಿ ಖತೀಜಾಳ ಮುಂದೆ ಹಿಡಿದೆ. ಅವಳು ಸ್ವಲ್ಪ ಬೆರಗಾದಳು ಎಂದೇ ನನ್ನ ನಂಬಿಕೆ.

"ಛಲೋ ಆಗ್ಯಾವು. ಈಗ ಕೀಮಾ ತುಂಬಿ ಕೊಟ್ಟುಬಿಡ್ರಿ. ಕರಿಯಾಕ ಹೋಗಬ್ಯಾಡ್ರಿ," ಎಂದಳು.

ಎಷ್ಟು ಸರಳವಾದ ಮಾತು. ಆದರೆ ವಿಡಿಯೊದಲ್ಲಿ ಕರಿದಿದ್ದರು, ಬೀಗತಿಗೂ ಕರಿದದ್ದೇ ಇಷ್ಟ. ಕರಿಯದೆ ಕೊಟ್ಟರೆ ಅದು ಟ್ಯಾಕೋ ಹೇಗಾಗುತ್ತದೆ? ಅಷ್ಟರಲ್ಲಿ ಹೊರಗೆ ಕಾರಿನ ಸದ್ದು ಕೇಳಿಸಿತು. ನಸ್ರೀನ್, ಅವಳ ಗಂಡ, ಮುಮ್ತಾಜ್ ಟೀಚರ್ ಇಳಿದರು. ಸಲಾಮು, ಶರಬತ್ತು ಎಲ್ಲ ಖತೀಜಾ ನೋಡಿಕೊಂಡಳು. ನಾನು ಬಾಣಲೆಗೆ ಎಣ್ಣೆ ಸುರಿದು, ಅದು ಚೆನ್ನಾಗಿ ಕಾದ ಮೇಲೆ, ಕೀಮಾ ತುಂಬಿದ ಮೊದಲ ಟ್ಯಾಕೋವನ್ನು ಇಳಿಬಿಟ್ಟೆ.

ರೊಟ್ಟಿಯ ಹೊಟ್ಟೆಯೊಳಗೆ ಇನ್ನೂ ತೇವ ಉಳಿದಿತ್ತು. ತೇವಕ್ಕೂ ಕಾದ ಎಣ್ಣೆಗೂ ಎಂಥ ಸಂಬಂಧ ಎಂಬುದು ಒಗ್ಗರಣೆ ಹಾಕಿದ ಪ್ರತಿಯೊಬ್ಬರಿಗೂ ಗೊತ್ತು. ನನಗೆ ಆಗ ಗೊತ್ತಾಯಿತು. ಫಟಾರ್ ಎಂದು ರೊಟ್ಟಿ ಬಿಚ್ಚಿಕೊಂಡಿತು, ಕೀಮಾ ಎಣ್ಣೆಯಲ್ಲಿ ಚೆಲ್ಲಾಪಿಲ್ಲಿಯಾಯಿತು, ಎಣ್ಣೆ ನನ್ನ ಮೇಲೆ ಬಂತು. ಎರಡನೆಯದರ ಕಥೆಯೂ ಇದೇ. ಹಿಂದೆ ಸರಿಯುವ ಜಾತಿ ನಾನಲ್ಲ. ಹಿತ್ತಲಿನ ಕಪಾಟಿನಿಂದ ವೆಲ್ಡಿಂಗಿನ ಮುಖವಾಡ ತಂದು ಹಾಕಿಕೊಂಡು, ಕೈಗೆ ಚರ್ಮದ ಗ್ಲೌಸು ಏರಿಸಿ, ಉದ್ದನೆಯ ಇಕ್ಕಳ ಹಿಡಿದು ಯುದ್ಧ ಮುಂದುವರಿಸಿದೆ. ಕಪ್ಪು ಗಾಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಸದ್ದಿನ ಮೇಲೆಯೇ ಎಣಿಸುತ್ತಿದ್ದೆ. ಮೂರು. ನಾಲ್ಕು. ಐದು.

"ಬೀಗರು ಅಡುಗಿ ಮಾಡಾಕತ್ತಾರೋ, ವೆಲ್ಡಿಂಗ ನಡದದೋ?"

ಮುಖವಾಡ ಎತ್ತಿದೆ. ಬಾಗಿಲಲ್ಲಿ ಮುಮ್ತಾಜ್ ಟೀಚರ್ ನಿಂತಿದ್ದರು. ಅವರ ಹಿಂದೆ ನಸ್ರೀನ್, ದುಪಟ್ಟಾದ ತುದಿ ಕಚ್ಚಿಕೊಂಡು.

"ಎರಡ ನಿಮಿಷ್ರಿ ಟೀಚರ್. ಕೂಡ್ರಿ, ಬಂತ್ರಿ," ಎಂದೆ.

ಅವರು ಹೋಗಿ ಮೇಜಿನ ಮುಂದೆ ಕೂತರು. ಒಂಬತ್ತರ ತನಕ ಎಲ್ಲವೂ ಸಿಡಿದು, ಬಾಣಲೆಯಲ್ಲಿ ರೊಟ್ಟಿಯ ಚೂರು, ಕೀಮಾ, ಎಣ್ಣೆ ಒಂದಾಗಿ ಕುದಿಯುತ್ತಿದ್ದವು. ಆದರೆ ಹತ್ತನೆಯದು, ಕೊನೆಯದು, ಇಡಿಯಾಗಿ ಎದ್ದುಬಂತು! ಬಂಗಾರದ ಬಣ್ಣ. ಒಳಗೆ ಕೀಮಾ ಹಾಗೇ ಇತ್ತು. ಅದನ್ನು ಒಳ್ಳೆಯ ತಾಟಿನಲ್ಲಿಟ್ಟು, ಮೇಲೆ ಕೊತ್ತಂಬರಿ ಉದುರಿಸಿ, ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಹೊರಗೆ ನಡೆದೆ. ಒಂದಾದರೂ ಸಾಕು. ಈ ಒಂದು ಬೀಗತಿಯ ಬಾಯಿಗೆ ಹೋದರೆ ನನ್ನ ಮಗಳು ಆ ಮನೆಯಲ್ಲಿ ಮತ್ತೆ ಗಟ್ಟಿಯಾಗಿ ಮಾತಾಡಬಹುದು ಎಂದುಕೊಂಡೆ. ನಿಜಕ್ಕೂ ಹಾಗೆಯೇ ಅಂದುಕೊಂಡಿದ್ದೆ. ತಾಟನ್ನು ಟೀಚರ ಮುಂದೆ ಇಟ್ಟೆ.

ತಾಟಿನ ಅಂಚು ಮೇಜಿಗೆ ತಾಗಿ ಸಣ್ಣಗೆ ಟಣ್ ಎಂದಿತು. ಟ್ಯಾಕೋ ಒಮ್ಮೆ ನಡುಗಿ, ಚರ್ ಎಂದು ಸೀಳಿ, ಚೂರುಚೂರಾಗಿ ಮಲಗಿತು.

ನಸ್ರೀನಳ ಮುಖ ಬಿಳಿಚಿಕೊಂಡಿತ್ತು. ಅವಳು ನೋಡುತ್ತಿದ್ದದ್ದು ತಾಟನ್ನಲ್ಲ, ಆ ಜಗ್ಗನ್ನು ಎಂದು ನನಗೆ ಗೊತ್ತಾಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಖವಾಡ ಇನ್ನೂ ತಲೆಯ ಮೇಲೇ ಇತ್ತು. ಅದನ್ನು ಕೆಳಗೆಳೆದುಕೊಳ್ಳಲೇ ಎಂದೂ ಯೋಚಿಸಿದೆ.

ಟೀಚರ್ ಚೂರುಗಳನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ ಹೇಳಿದರು:

"ನಸ್ರೀನ್, ಆ ಜಗ್ಗು ನಿನ್ನ ಕೈಯಾಗ ಹೆಂಗ ಒಡೀತು ಅಂತ ಇಷ್ಟು ದಿವಸ ವಿಚಾರ ಮಾಡಾಕತ್ತಿದ್ದೆ. ತಪ್ಪು ನಿಂದಲ್ಲ ಬಿಡವಾ. ಇದು ನಿಮ್ಮ ಮನೆತನದಾಗ ಅದ."

ನಸ್ರೀನ್ ಮೊದಲು ಬಾಯಿ ಮುಚ್ಚಿಕೊಂಡಳು. ಆದರೆ ತಡೆಯಲಾಗಲಿಲ್ಲ. ನಕ್ಕಳು. ಮೂರು ತಿಂಗಳ ನಗೆ ಒಮ್ಮೆಲೇ ಬಂತು, ಓಣಿಯ ನಾಯಿಗಳು ಬೊಗಳಿದವು. ಟೀಚರ್ ಬೆಚ್ಚಿಬಿದ್ದರು. "ಅಯ್ಯ, ಈಕೀಗೆ ನಗಾಕೂ ಬರ್ತದೇನು?" ಎಂದು ತಾವೂ ಕಣ್ಣೊರೆಸಿಕೊಂಡು ನಗತೊಡಗಿದರು. ನಾನು ನಗಲಿಲ್ಲ. ನನ್ನದು ಸೋತ ಸೇನಾಪತಿಯ ಸ್ಥಿತಿ. ಆದರೆ ಎದೆಯ ಮೇಲಿನ ಕಲ್ಲು ಇಳಿದಿತ್ತು.

ಆಗಲೇ ಗೋಡೆಯ ಆಚೆಯಿಂದ ಶಾಂತಕ್ಕ ಖತೀಜಾಳನ್ನು ಕರೆದಳು. ಬಟ್ಟೆಯಲ್ಲಿ ಸುತ್ತಿದ ಹನ್ನೆರಡು ಬಿಸಿ ರೊಟ್ಟಿ. "ಒಳಗ ಏನ್ ಹಾಕ್ಕೊಂತೀರಿ ನನಗ ಹೇಳಬ್ಯಾಡ್ರಿ. ನಾ ಕೇಳೂದಿಲ್ಲ. ಸಾಬರಿಗೆ ಮಾತ್ರ ಮಡಚಾಕ ಕೊಡಬ್ಯಾಡ್ರಿ," ಎಂದು ಗಟ್ಟಿಯಾಗಿಯೇ ಹೇಳಿದಳು. ಮಡಚಿದವಳು ಖತೀಜಾ. ಒಂದೂ ಮುರಿಯಲಿಲ್ಲ. ಬಾಣಲೆಯ ಕೀಮಾವನ್ನು ಎಣ್ಣೆ ಬಸಿದು, ಕರಿದ ಚೂರುಗಳ ಸಮೇತ ಬಿಸಿ ರೊಟ್ಟಿಯಲ್ಲಿ ತುಂಬಿ ಎಲ್ಲರೂ ತಿಂದರು. ಟೀಚರ್ ನಾಲ್ಕು ತಿಂದರು. ಮಾಡುವ ವಿಧಾನ ಕೇಳಿದರು, ನನ್ನನ್ನಲ್ಲ, ಖತೀಜಾಳನ್ನು.

ಈಗ ಧಾರವಾಡದ ಆ ಮನೆಯಲ್ಲಿ ಏನು ಒಡೆದರೂ ಅದಕ್ಕೆ ಟ್ಯಾಕೋ ಎಂದೇ ಹೆಸರು. ಚಹಾದ ಕಪ್ಪು ಟ್ಯಾಕೋ ಆಯಿತು, ಕನ್ನಡಕ ಟ್ಯಾಕೋ ಆಯಿತು ಎಂದು ಅತ್ತೆ ಸೊಸೆ ಕೂಡಿಯೇ ಫೋನು ಮಾಡಿ ನಗುತ್ತಾರೆ. ಮೊನ್ನೆ ಟೀಚರ್ ಗೇಟಿನ ಕಂಬಕ್ಕೆ ಕಾರು ಗುದ್ದಿ ನನಗೆ ಫೋನಾಯಿಸಿದರು: "ಬೀಗರ, ಮುಂದಿನ ಬಂಪರ್ ಟ್ಯಾಕೋ ಆಗೇದ್ರಿ. ಲಗೂ ಬರ್ರಿ."

ಸುತ್ತಿಗೆ ಹಿಡಿದುಕೊಂಡು ಹೋದೆ. ಸಂಜೆಯೊಳಗೆ ಬಂಪರು ಕೂಡಿಸಿ ನೆಟ್ಟಗೆ ಮಾಡಿ ಕೊಟ್ಟೆ. ಟ್ಯಾಕೋ ರಿಪೇರಿ ಮಾಡಲು ನನಗೆ ಬರುತ್ತದೆ. ಮಾಡಲು ಬರುವುದಿಲ್ಲ, ಅಷ್ಟೇ.